ಅಪ್‌ಡೇಟ್: ಬಾಲ್ಸಾ ರೆಕ್ಕೆಯ ಹೊದಿಕೆ ಕೊನೆಗೂ ಬಿಗಿಯಾಯಿತು

ಕಿಟ್‌ನಿಂದ ಕಟ್ಟುತ್ತಿರುವ ನನ್ನ ರೇಡಿಯೊ ನಿಯಂತ್ರಿತ ತರಬೇತಿ ವಿಮಾನದ ಬಾಲ್ಸಾ (ಬಲು ಹಗುರವಾದ ಮರ) ರೆಕ್ಕೆಗೆ ಹೊದಿಸಿದ ಫಿಲ್ಮ್ (ಬಿಸಿ ತಾಗಿದರೆ ಅಂಟಿಕೊಂಡು ಕುಗ್ಗುವ ತೆಳು ಪ್ಲಾಸ್ಟಿಕ್ ಹಾಳೆ), ಬಿಸಿಲಿಗೆ ಒಯ್ದಾಗಲೆಲ್ಲ ಸುಕ್ಕುಗಟ್ಟುತ್ತಿದೆ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಹೀಟ್ ಗನ್ (ಬಿಸಿಗಾಳಿ ಊದುವ ಉಪಕರಣ) ಬಳಸುವ ಸಲಹೆ ನನಗೆ ಫಲಿಸಲಿಲ್ಲ. ಸುಕ್ಕು ಕ್ಷಣಕಾಲ ಮಾಯವಾದರೂ ಅಂಚಿನ ಅಂಟು ಸಡಿಲಗೊಂಡು ಮರುದಿನವೇ ಮರಳಿತು. ಫಲಿಸಿದ್ದು ಎರಡು ಹಂತಗಳ ಇಸ್ತ್ರಿಯ ಸಲಹೆ: ಮೊದಲು ಅಂಚುಗಳನ್ನೆಲ್ಲ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಭದ್ರವಾಗಿ ಅಂಟಿಸಿ, ಆ ಬಳಿಕವಷ್ಟೇ 150 ಡಿಗ್ರಿಗೆ ಏರಿಸಿ ನಡುಭಾಗವನ್ನು ಕುಗ್ಗಿಸಬೇಕು. ಫಿಲ್ಮ್‌ನ ತಯಾರಿಕೆಗೆ ತಕ್ಕಂತೆ ಈ ಅಂಕಿಗಳು ಬದಲಾಗುವುದರಿಂದ ಜೊತೆಗೆ ಬರುವ ಸೂಚನೆಯನ್ನು ತಪ್ಪದೇ ಓದಿರಿ. ಪಕ್ಕೆಲುಬುಗಳ (ರೆಕ್ಕೆಗೆ ಆಕಾರ ಕೊಡುವ ಒಳಗಿನ ಮರದ ಪಟ್ಟಿಗಳ) ನಡುವೆ ಸಿಕ್ಕಿಬಿದ್ದ ಗಾಳಿ ಕಾದು ಹಿಗ್ಗಿ ಫಿಲ್ಮನ್ನು ಉಬ್ಬಿಸುತ್ತಿದ್ದ ಕಡೆ, ಕೆಳಮೈಯಲ್ಲಿ ಸೂಜಿಯಿಂದ ಚಿಕ್ಕ ರಂಧ್ರ ಮಾಡಿದ್ದೂ ನೆರವಾಯಿತು.

ನಾನು ನಿರೀಕ್ಷಿಸದ ಸಂಗತಿಯೆಂದರೆ, ಕುಗ್ಗುವ ಫಿಲ್ಮ್ ಎಡ ರೆಕ್ಕೆಯನ್ನೇ ತಿರುಚಿತ್ತು. ಗೆಳೆಯರೊಬ್ಬರು ಅದನ್ನು ವಿರುದ್ಧ ದಿಕ್ಕಿಗೆ ತುಸು ಹೆಚ್ಚೇ ತಿರುಚಿ ಹಿಡಿದಿರಲು, ನಾನು ಮೇಲೂ ಕೆಳಗೂ ಮತ್ತೆ ಇಸ್ತ್ರಿಯಾಡಿಸಿ, ತಣಿಯುವವರೆಗೆ ಹಾಗೆಯೇ ಬಿಟ್ಟೆವು, ರೆಕ್ಕೆ ನೇರವಾಯಿತು. ಮೂರು ಮಧ್ಯಾಹ್ನಗಳ ಬಿಸಿಲು ಕಂಡರೂ ಈಗ ಒಂದು ಗೆರೆಯೂ ಮೂಡಿಲ್ಲ.