ಪದಚರ್ಚೆ: ‘ಸಾಂದ್ರತೆ’ ಒಂದೇ, ಅರ್ಥ ಎರಡು

ಗೆಳೆಯರೇ,

ರಸಾಯನಶಾಸ್ತ್ರದ ಲೆಕ್ಕಗಳಲ್ಲಿ ‘ಸಾಂದ್ರತೆ’ ಎಂಬ ಪದವನ್ನು ನಾವು ಎರಡು ಬೇರೆ ಬೇರೆ ಅಳತೆಗಳಿಗೆ ಬಳಸುತ್ತಿದ್ದೇವೆ. ಒಂದು, ಡೆನ್ಸಿಟಿ: ಇಷ್ಟು ಗಾತ್ರದ ವಸ್ತುವಿನಲ್ಲಿ ಎಷ್ಟು ದ್ರವ್ಯರಾಶಿ ಇದೆ ಎಂಬುದು. ಇನ್ನೊಂದು, ಕಾನ್ಸಂಟ್ರೇಷನ್: ದ್ರಾವಣದಲ್ಲಿ ಕರಗಿರುವ ವಸ್ತು ಎಷ್ಟು ಎಂಬುದು. ಇದರಿಂದ ಆಗುವ ತೊಂದರೆ ಕಳೆದ ವಾರ ಕಣ್ಣಿಗೆ ಬಿತ್ತು.

ಪಾಠಕ್ಕೆ ಬರುವ ಹುಡುಗಿಗೆ ಒಂದು ಲೆಕ್ಕ ಬರೆದುಕೊಟ್ಟಿದ್ದೆ. ‘ತೂಕದಲ್ಲಿ ಶೇಕಡಾ 98 ಇರುವ ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ 1.84. ಇದರ 10 ಮಿಲಿಲೀಟರನ್ನು ತಟಸ್ಥಗೊಳಿಸಲು ಎಷ್ಟು ಸೋಡಿಯಂ ಹೈಡ್ರಾಕ್ಸೈಡ್ ಬೇಕು?’ ಮಿಲಿಲೀಟರಿಗೆ ಗ್ರಾಂ ಎಂಬ ಏಕಮಾನವನ್ನು ಬರೆದಿರಲಿಲ್ಲ. ಉತ್ತರ 14.7 ಗ್ರಾಂ ಬರಬೇಕು, ಅವಳಿಗೆ 1.47 ಬಂದಿತ್ತು. ದಶಮಾಂಶ ಬಿಂದು ಜಾರಿದೆ ಎಂದು ತಿದ್ದಿಕೊಟ್ಟೆ. ಅವಳು ಒಪ್ಪಲಿಲ್ಲ. ಹಾಳೆ ತಿರುಗಿಸಿ ನೋಡಿದರೆ ಲೆಕ್ಕ ಬೇರೆಯೇ ದಾರಿಯಲ್ಲಿ ಸಾಗಿತ್ತು. ಸಾಂದ್ರತೆ 1.84 ಎಂದರೆ ಲೀಟರಿಗೆ 1.84 ಮೋಲ್ (ವಸ್ತುವಿನ ಕಣಗಳನ್ನು ಎಣಿಸುವ ಏಕಮಾನ) ಎಂದು ಓದಿಕೊಂಡಿದ್ದಳು. ಶೇಕಡಾ 98 ಎಂಬುದು ಬರಿಯ ಶುದ್ಧತೆ ಎಂದು ಬದಿಗಿಟ್ಟಿದ್ದಳು.

ಅಂಕಿಗಳು ಹೊಂದಿಕೊಂಡದ್ದು ಹೀಗೆ. ಆ ಆಮ್ಲದ ಒಂದು ಲೀಟರ್ 1840 ಗ್ರಾಂ ತೂಗುತ್ತದೆ. ಅದರ ಶೇಕಡಾ 98 ಭಾಗ ಆಮ್ಲ, ಒಂದು ಮೋಲ್ ಆಮ್ಲದ ತೂಕವೂ 98 ಗ್ರಾಂ. ಈ ಎರಡು 98ಗಳು ಹೊಡೆದುಹೋಗಿ ಲೀಟರಿಗೆ 18.4 ಮೋಲ್ ಉಳಿಯುತ್ತದೆ, ಅವಳು ಓದಿಕೊಂಡ 1.84ರ ಸರಿಯಾಗಿ ಹತ್ತು ಪಟ್ಟು. ಹಾಗಾಗಿ ಅರ್ಥದ ತಪ್ಪು ಬಿಂದುವಿನ ತಪ್ಪಿನಂತೆ ಕಾಣಿಸಿತು. ಬೇರೆ ಆಮ್ಲವಾಗಿದ್ದರೆ ನಾನು ಮೊದಲೇ ಹಿಡಿಯುತ್ತಿದ್ದೆ.

ಏಕಮಾನ ಬರೆದರೆ ಸಾಕಲ್ಲ ಎಂದು ನೀವು ಹೇಳಬಹುದು. ಲೆಕ್ಕಕ್ಕೆ ಸಾಕು, ವಾಕ್ಯಕ್ಕೆ ಸಾಲದು. ಅಮೋನಿಯಾ ದ್ರಾವಣವನ್ನು ನೋಡಿ: ಅಮೋನಿಯಾ ಹೆಚ್ಚಿದಷ್ಟೂ ದ್ರಾವಣ ಹಗುರವಾಗುತ್ತದೆ. ಇದನ್ನು ಒಂದೇ ಪದದಿಂದ ಹೇಳಹೊರಟರೆ ‘ಸಾಂದ್ರತೆ ಹೆಚ್ಚಿದಂತೆ ಸಾಂದ್ರತೆ ಕಡಿಮೆಯಾಗುತ್ತದೆ’ ಎಂದಾಗುತ್ತದೆ! ಸರಿಯಾದ ಸಂಗತಿಯೊಂದನ್ನು ಕನ್ನಡದಲ್ಲಿ ಅಸಂಬದ್ಧವಾಗಿ ಕೇಳಿಸುವಂತೆ ಮಾಡುವ ಪದವನ್ನು ಹಾಗೆಯೇ ಬಿಡಬಾರದು.

ಮನೆಮಾತಿನ ‘ಗಟ್ಟಿ’ ಇಲ್ಲಿ ನೆರವಿಗೆ ಬರುವುದಿಲ್ಲ. ಕೆನೆಭರಿತ ಹಾಲನ್ನು ಗಟ್ಟಿ ಹಾಲು ಎನ್ನುತ್ತೇವೆ. ಆದರೆ ಕೆನೆ ತೆಗೆದ ಹಾಲಿನ ಡೆನ್ಸಿಟಿಯೇ ಹೆಚ್ಚು, ಏಕೆಂದರೆ ಕೊಬ್ಬು ನೀರಿಗಿಂತ ಹಗುರ. ‘ಮಂದ’ ಎಂಬುದೂ ಹಾಗೆಯೇ. ಎಣ್ಣೆ ನೀರಿಗಿಂತ ಮಂದ, ಆದರೂ ನೀರಿನ ಮೇಲೆ ತೇಲುತ್ತದೆ.

‘ಪ್ರಬಲ ಆಮ್ಲ’ವನ್ನು ಕಾನ್ಸಂಟ್ರೇಟೆಡ್ ಎಂಬ ಅರ್ಥದಲ್ಲಿ ಬಳಸುವವರಿದ್ದಾರೆ. ಅದು ಇನ್ನೊಂದು ಗೊಂದಲ. ಪ್ರಬಲ, ದುರ್ಬಲ ಎಂಬುದು ಆಮ್ಲ ನೀರಿನಲ್ಲಿ ಎಷ್ಟರ ಮಟ್ಟಿಗೆ ಅಯಾನುಗಳಾಗಿ ಒಡೆಯುತ್ತದೆ ಎಂಬುದರ ಮಾತು. ಅಸಿಟಿಕ್ ಆಮ್ಲಕ್ಕೆ ಎಷ್ಟೇ ಕಡಿಮೆ ನೀರು ಬೆರೆಸಿದರೂ ಅದು ದುರ್ಬಲ ಆಮ್ಲವೇ.

ನನ್ನ ಒಲವು ‘ಸಾರ’ದ ಕಡೆಗೆ. ಡೈಲ್ಯೂಟ್ (ನೀರು ಬೆರೆಸಿ ತೆಳುವಾಗಿಸಿದ) ಎಂಬುದಕ್ಕೆ ‘ಸಾರರಿಕ್ತ’ ಎಂಬ ಪದ ಶಾಲೆಯ ಪಾಠಗಳಲ್ಲಿ ಈಗಾಗಲೇ ಇದೆ. ಅದರ ಜೊತೆಗೆ ‘ಸಾರಯುಕ್ತ’, ಅಳತೆಗೆ ‘ಸಾರತೆ’ ಎಂದು ಇಟ್ಟುಕೊಂಡರೆ ‘ಸಾಂದ್ರತೆ’ಯನ್ನು ಡೆನ್ಸಿಟಿಗೇ ಬಿಡಬಹುದು. ಜನಸಾಂದ್ರತೆ ಎನ್ನುವಾಗಲೂ ನಮ್ಮ ಮನಸ್ಸಿನಲ್ಲಿರುವುದು ಇಷ್ಟು ಜಾಗದಲ್ಲಿ ಎಷ್ಟು ಎಂಬ ಲೆಕ್ಕವೇ ಅಲ್ಲವೇ? ಅಮೋನಿಯಾದ ವಾಕ್ಯವೂ ಆಗ ನೇರವಾಗುತ್ತದೆ: ‘ಸಾರತೆ ಹೆಚ್ಚಿದಂತೆ ಸಾಂದ್ರತೆ ಕಡಿಮೆಯಾಗುತ್ತದೆ.’

ಒಂದು ಅಳುಕಿದೆ. ಸಾರತೆ, ಸಾಂದ್ರತೆ ಎರಡೂ ‘ಸಾ’ದಿಂದ ಶುರುವಾಗಿ ‘ತೆ’ಯಲ್ಲಿ ಮುಗಿಯುತ್ತವೆ, ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಒಂದೇ ಎಂದು ಕೇಳಿಸಬಹುದು. ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವವರು ಈ ಗುಂಪಿನಲ್ಲಿದ್ದರೆ, ಪುಸ್ತಕದಲ್ಲಿ ಏನೇ ಇರಲಿ, ತರಗತಿಯಲ್ಲಿ ನೀವು ಬಾಯಿಬಿಟ್ಟು ಹೇಳುವ ಪದ ಯಾವುದು ಎಂದು ದಯವಿಟ್ಟು ತಿಳಿಸಿ.