ಸಹಾಯ ಬೇಕು: ರೇಷ್ಮೆ ಸೀರೆ, ಮಲ್ಲಿಗೆ, ಜೊತೆಗೆ ಶಾಲಿಮಾರ್

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಮೈಸೂರಿನಲ್ಲಿ ನಾದಿನಿಯ ರಿಸೆಪ್ಶನ್ ಇದೆ. ಅಣ್ಣ ಪ್ಯಾರಿಸ್‌ನಿಂದ ಗೆರ್ಲಾನ್ ಕಂಪನಿಯ ಶಾಲಿಮಾರ್ ಸೆಂಟು ತಂದುಕೊಟ್ಟಿದ್ದಾನೆ. ಈ ಸೆಂಟು ಮೊದಲು ಬಂದದ್ದು 1925ರಲ್ಲಿ, ಹೆಸರು ಮೊಘಲರ ಶಾಲಿಮಾರ್ ತೋಟದಿಂದ ಬಂದದ್ದು. ಹಾಕಿದ ತಕ್ಷಣ ನಿಂಬೆ ಸಿಪ್ಪೆ ಹಿಂಡಿದ ಹಾಗೆ ಚುರುಕಾಗಿ ಮೂಗಿಗೆ ಬಡಿಯುತ್ತದೆ. ಅದು ಬರ್ಗಮಾಟ್, ನಿಂಬೆ ಜಾತಿಯ ಒಂದು ಹಣ್ಣಿನ ಪರಿಮಳ. ಸ್ವಲ್ಪ ಹೊತ್ತಿಗೆ ಅದು ಇಳಿದು ವೆನಿಲಾ, ಅದರ ಹಿಂದೆ ತೆಳುವಾಗಿ ಹೊಗೆ, ಚರ್ಮದ ವಾಸನೆ. ನನಗೆ ಈ ಎರಡನೇ ಭಾಗವೇ ಇಷ್ಟ.

ಆದರೆ ಮುಡಿಯಲ್ಲಿ ಮೈಸೂರು ಮಲ್ಲಿಗೆ ಇರುತ್ತದೆ. ಎರಡೂ ಸೇರಿದರೆ ಜಾಸ್ತಿ ಆಗುತ್ತದಾ? ಮಲ್ಲಿಗೆ ಬಿಟ್ಟುಬಿಡಿ ಅನ್ನಬೇಡಿ, ನಮ್ಮ ಅತ್ತೆ ಸುಮ್ನೆ ಇರ್ತಾರಾ! ಜರಿ ಸೀರೆಯ ಮೇಲೆ ಹೊಡೆದರೆ ಕಲೆಯಾಗುತ್ತದೆ, ಹಾಗಾಗಿ ಮೈಗೇ ಹಾಕಬೇಕು. ಮಣಿಕಟ್ಟಿಗೆ ಹಾಕಿದರೆ ಊಟಕ್ಕೆ ಕೂತಾಗ ಸಾರಿನ ಜೊತೆ ವೆನಿಲಾ ಬರುತ್ತದೆ, ಅಲ್ವಾ? ಮೊಣಕೈ ಒಳಭಾಗಕ್ಕೋ ಮಂಡಿಯ ಹಿಂದಕ್ಕೋ ಒಂದೊಂದು ಸಲ ಹೊಡೆದರೆ ಸಾಕಾ? ಸೀರೆ ಉಡುವುದಕ್ಕೆ ಎಷ್ಟು ಹೊತ್ತು ಮುಂಚೆ ಹಾಕಬೇಕು? ಛತ್ರದಲ್ಲಿ ಎಸಿ ಇದೆ, ಸಂಜೆ ಏಳಕ್ಕೆ ಶುರು. ಇಂಥ ಗಾಢ ಸೆಂಟು ಹಾಕಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ.