ಅಪ್ಪ-ಅಮ್ಮನದು ಕಪ್ಪು ಕಣ್ಣು, ಮಗಳದು ಬೆಕ್ಕಿನ ಕಣ್ಣು: ಈ ಬಣ್ಣ ಎಲ್ಲಿಂದ ಬಂತು?

ಪ್ರಶ್ನೆ – ಶರಾವತಿ ದಂಡೆಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ತವರು ಸಿದ್ದಾಪುರದ ಕಡೆ, ಗಂಡನ ಮನೆ ಹೊನ್ನಾವರದ ಹತ್ತಿರ. ನಮ್ಮಿಬ್ಬರ ಕಣ್ಣುಗಳೂ ಕಪ್ಪೆನ್ನುವಷ್ಟು ಗಾಢವಾದ ಕಂದು. ಎರಡು ವರ್ಷದ ಮಗಳ ಕಣ್ಣು ಮಾತ್ರ ಹಸಿರು ಬೆರೆತ ಬೂದು ಬಣ್ಣದ್ದು, ನಮ್ಮಲ್ಲಿ ಹೇಳುವ ಬೆಕ್ಕಿನ ಕಣ್ಣು. ವರ್ಷ ತುಂಬುವುದರೊಳಗೆ ಬಣ್ಣ ಗಾಢವಾಗಬಹುದೆಂದು ಕಾದೆವು, ಆಗಲಿಲ್ಲ. ಕಳೆದ ತಿಂಗಳು ಉಪನಯನವೊಂದರ ಊಟದ ಪಂಕ್ತಿಯಲ್ಲಿ ನೆಂಟರೊಬ್ಬರು “ಈ ಕಣ್ಣು ಯಾರದ್ದು?” ಎಂದು ಕೇಳಿದ ರೀತಿ ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ಪಕ್ಕದಲ್ಲಿದ್ದ ಅತ್ತೆಯವರು, ತಮ್ಮ ತಾಯಿಗೂ ಇಂಥದೇ ಕಣ್ಣಿತ್ತೆಂದು ಹೇಳಿ ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಆ ಅಜ್ಜಿಯ ಫೋಟೋ ಕಪ್ಪು-ಬಿಳುಪಿನದಾದ್ದರಿಂದ ಅದರಲ್ಲಿ ಏನೂ ತಿಳಿಯುವುದಿಲ್ಲ. ನನ್ನ ತವರಿನಲ್ಲಂತೂ ಇಂಥ ಕಣ್ಣಿನವರು ಯಾರೂ ಇಲ್ಲ. ಎರಡು ತಲೆಮಾರು ಕಾಣಿಸದ ಬಣ್ಣ ಮತ್ತೆ ಬರಲು ಸಾಧ್ಯವೇ? ಇದರಿಂದ ಮಗುವಿನ ದೃಷ್ಟಿಗೆ ತೊಂದರೆಯಿದೆಯೇ?

ಉತ್ತರ – ಜೀವಶಾಸ್ತ್ರ ಶಿಕ್ಷಕ, ಕಾರವಾರ

ತಂಗಿ, ಖಂಡಿತವಾಗಿ ಸಾಧ್ಯ. ನಿಮ್ಮ ಅತ್ತೆಯವರು ಹೇಳಿದ್ದು ಬರಿಯ ಸಮಾಧಾನದ ಮಾತಲ್ಲ, ವಂಶವಾಹಿಗಳ ನಿಯಮಕ್ಕೆ ಹೊಂದುವ ಮಾತು.

ಕಣ್ಣಿನ ಪಾಪೆಯ ಸುತ್ತಲಿನ ಪೊರೆಯಲ್ಲಿ ನೀಲಿ ಅಥವಾ ಹಸಿರು ಎಂಬ ಬೇರೆ ಬಣ್ಣದ್ರವ್ಯವೇ ಇಲ್ಲ. ಎಲ್ಲರಲ್ಲಿಯೂ ಇರುವುದು ಮೆಲನಿನ್ ಒಂದೇ. ಅದು ಹೇರಳವಾಗಿದ್ದರೆ ಕಣ್ಣು ಕಪ್ಪಾಗಿ ಕಾಣುತ್ತದೆ, ತೀರ ಕಡಿಮೆಯಿದ್ದರೆ ಪೊರೆಯೊಳಗಿನ ಸಣ್ಣ ಎಳೆಗಳು ಬೆಳಕನ್ನು ಚದುರಿಸಿ ನೀಲಿಯಾಗಿ ತೋರುತ್ತದೆ, ನಡುವಿನ ಪ್ರಮಾಣದಲ್ಲಿದ್ದರೆ ಹಸಿರು, ಬೂದು, ಜೇನುಬಣ್ಣಗಳು ಮೂಡುತ್ತವೆ. ಬೆಳಗಿನ ಹೊತ್ತು ಬಚ್ಚಲೊಲೆಯ ಹೊಗೆ ಕಪ್ಪಾದ ಅಡಿಕೆ ತೋಟದ ಎದುರು ನೀಲಿಯಾಗಿ ಕಾಣುವುದನ್ನು ನೀವು ನೋಡಿರುತ್ತೀರಿ. ಅಲ್ಲಿಯೂ ನಡೆಯುವುದು ಇದೇ ಬಗೆಯ ಚದುರುವಿಕೆ.

ಮೆಲನಿನ್ ಎಷ್ಟು ತಯಾರಾಗಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಹದಿನೈದನೆಯ ವರ್ಣತಂತುವಿನಲ್ಲಿರುವ ಒಸಿಎ2 ಎಂಬ ವಂಶವಾಹಿ. ಅದರ ನೆರೆಯ ಹರ್ಕ್2 ವಂಶವಾಹಿಯೊಳಗೆ ಡಿಎನ್‌ಎ ಬರಹದ ಒಂದು ನಿರ್ದಿಷ್ಟ ಅಕ್ಷರ ಬದಲಾದರೂ ಒಸಿಎ2ರ ಕೆಲಸ ತಗ್ಗುತ್ತದೆ ಎಂಬುದನ್ನು 2008ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದವರೂ ಬೇರೆ ಸಂಶೋಧಕರೂ ತೋರಿಸಿಕೊಟ್ಟರು. ಪ್ರತಿಯೊಬ್ಬರಲ್ಲಿಯೂ ಇದರ ಎರಡು ಪ್ರತಿಗಳಿರುತ್ತವೆ, ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಒಂದು ಪ್ರತಿ ಗಾಢ ಬಣ್ಣದ್ದಾಗಿದ್ದರೂ ಸಾಮಾನ್ಯವಾಗಿ ಕಣ್ಣು ಕಂದಾಗುತ್ತದೆ, ತಿಳಿ ಬಣ್ಣದ ಪ್ರತಿ ಅದರ ಹಿಂದೆ ಅಡಗಿಕೊಂಡು ಮುಂದಿನ ತಲೆಮಾರಿಗೆ ಸಾಗುತ್ತದೆ.

ಈಗ ನಿಮ್ಮ ಮನೆಯ ಲೆಕ್ಕ ನೋಡೋಣ. ಬೆಕ್ಕಿನ ಕಣ್ಣಿನ ಆ ಅಜ್ಜಿಯಲ್ಲಿ ಎರಡೂ ತಿಳಿ ಪ್ರತಿಗಳಿದ್ದವೆಂದುಕೊಂಡರೆ, ನಿಮ್ಮ ಅತ್ತೆಯವರಿಗೆ ಒಂದು ಬಂದೇ ಬಂದಿರುತ್ತದೆ. ಅದು ನಿಮ್ಮ ಯಜಮಾನರಿಗೆ ದಾಟಿರುವ ಸಾಧ್ಯತೆ ಅರ್ಧದಷ್ಟು. ಹಾಗೆ ದಾಟಿದ್ದು, ನಿಮ್ಮಲ್ಲಿಯೂ ಒಂದು ಅಡಗಿದ್ದರೆ, ಮಗುವಿಗೆ ಎರಡೂ ಕೂಡಿಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ತವರಿನಲ್ಲಿ ಯಾರ ಕಣ್ಣೂ ಹಾಗಿಲ್ಲ ಎಂದರೆ ಆ ಪ್ರತಿಯನ್ನು ಯಾರೂ ಹೊತ್ತಿಲ್ಲ ಎಂದಾಗುವುದಿಲ್ಲ. ಜೊತೆ ಸಿಗದ ಪ್ರತಿ ಎಷ್ಟು ತಲೆಮಾರು ಬೇಕಾದರೂ ಕಣ್ಣಿಗೆ ಬೀಳದೆ ಬರಬಹುದು. ನಮ್ಮ ಜಿಲ್ಲೆಯಲ್ಲಿ ಘಟ್ಟದ ಮೇಲೂ ಕೆಳಗೂ ಅವವೇ ಮನೆತನಗಳ ನಡುವೆ ತಲೆತಲಾಂತರದಿಂದ ಹೆಣ್ಣು ಕೊಟ್ಟು ತಂದಿರುವುದರಿಂದ, ಹಳೆಯ ಪ್ರತಿಯೊಂದು ಎರಡು ಕಡೆಯಿಂದಲೂ ಬಂದು ಸೇರುವುದಕ್ಕೆ ಅವಕಾಶ ಹೆಚ್ಚು.

ಈ ಲೆಕ್ಕ ಸರಳಗೊಳಿಸಿದ್ದು ಎಂಬುದನ್ನೂ ಹೇಳಬೇಕು. ಸುಮಾರು 1,95,000 ಜನರನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು ಕಣ್ಣಿನ ಬಣ್ಣಕ್ಕೆ ಸಂಬಂಧಿಸಿದ 61 ತಾಣಗಳನ್ನು ನಮ್ಮ ಡಿಎನ್‌ಎಯಲ್ಲಿ ಗುರುತಿಸಿದೆ. ತಿಳಿಗಣ್ಣಿನ ಇಬ್ಬರಿಗೆ ಅಪರೂಪಕ್ಕೆ ಕಂದು ಕಣ್ಣಿನ ಮಗು ಹುಟ್ಟುವುದೂ ಇದೇ ಕಾರಣದಿಂದ. ಆದ್ದರಿಂದ ಕಣ್ಣು ನೋಡಿ ಮಗುವಿನ ತಂದೆ-ತಾಯಿಯ ಬಗ್ಗೆ ಮಾತಾಡುವವರಿಗೆ ವಿಜ್ಞಾನದ ಆಧಾರವೇನೂ ಇಲ್ಲ.

ಉತ್ತರ – ಕಣ್ಣಿನ ವೈದ್ಯೆ, ಶಿರಸಿ

ದೃಷ್ಟಿಯ ವಿಷಯ ನಾನು ಹೇಳುತ್ತೇನೆ. ಎರಡೂ ಕಣ್ಣು ಒಂದೇ ಬಣ್ಣದಲ್ಲಿದ್ದು, ಮಗು ಆಟದ ಸಾಮಾನುಗಳನ್ನು ಚೆನ್ನಾಗಿ ಗುರುತಿಸುತ್ತಿದ್ದರೆ ತಿಳಿ ಬಣ್ಣವು ತಾನಾಗಿ ರೋಗವಲ್ಲ. ಬಿಸಿಲಿನ ಝಳ ಸ್ವಲ್ಪ ಹೆಚ್ಚು ತಾಗಬಹುದು, ಸಮುದ್ರದಂಡೆಗೆ ಹೋಗುವಾಗ ಅಗಲ ಅಂಚಿನ ಟೋಪಿ ಹಾಕಿ. ಆದರೆ ಕಣ್ಣುಗುಡ್ಡೆಗಳು ನಿಲ್ಲದೆ ಅತ್ತಿತ್ತ ಅದುರುತ್ತಿದ್ದರೆ, ಬೆಳಕಿಗೆ ಕಣ್ಣು ಬಿಡಲಾಗದಿದ್ದರೆ, ಕೂದಲು ಮತ್ತು ಚರ್ಮವೂ ಮನೆಯವರಿಗಿಂತ ತೀರ ಬಿಳಿಯಾಗಿದ್ದರೆ, ಅಥವಾ ಒಂದೇ ಕಣ್ಣಿನ ಬಣ್ಣ ನಂತರ ಬದಲಾದರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು.

ಉತ್ತರ – ಸದಾಶಿವಗಡದ ಓದುಗ

ನಮ್ಮ ಕರಾವಳಿಯ ಬೆಕ್ಕಿನ ಕಣ್ಣುಗಳೆಲ್ಲ ಪೋರ್ಚುಗೀಸರಿಂದ ಬಂದವು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಅದು ನಿಜವೇ?

ಉತ್ತರ – ಜೀವಶಾಸ್ತ್ರ ಶಿಕ್ಷಕ, ಕಾರವಾರ

ಕಣ್ಣೊಂದನ್ನೇ ನೋಡಿ ಹಾಗೆ ಹೇಳಲಾಗದು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ತಿಳಿಗಣ್ಣಿನ ಆ ಪ್ರತಿಯಾದರೋ ಸಾವಿರಾರು ವರ್ಷ ಹಳೆಯದು. ಸ್ಪೇನಿನ ಗುಹೆಯೊಂದರಲ್ಲಿ ಸಿಕ್ಕ, ಸುಮಾರು 7,000 ವರ್ಷ ಹಿಂದಿನ ಬೇಟೆಗಾರನೊಬ್ಬನ ಅಸ್ಥಿಯಲ್ಲಿಯೂ ಅದು ಕಂಡುಬಂದಿದೆ, ಅವನ ಚರ್ಮ ಮಾತ್ರ ಕಪ್ಪಗಿತ್ತು. ಅಷ್ಟು ದೀರ್ಘ ಕಾಲದಲ್ಲಿ ಜನ ಎಷ್ಟೋ ದಾರಿಗಳಿಂದ ಬಂದು ಬೆರೆತಿದ್ದಾರೆ. ಹಡಗುಗಳ ಸುಳಿವೇ ಇಲ್ಲದ ಕಾಶ್ಮೀರದಲ್ಲಿಯೂ ತಿಳಿಗಣ್ಣಿನವರು ಇದ್ದಾರೆ.

ಮೂಲ ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಡಾಕ್ಟರ್ ಅವರು ಹೇಳಿದ ಲಕ್ಷಣಗಳಾವುವೂ ಮಗಳಲ್ಲಿಲ್ಲ. ಸರ್, ಇನ್ನೊಂದು ಸಂದೇಹ: ಈಗ ನಾನು ಮತ್ತೆ ಬಸುರಿ. ನಾಲ್ಕರಲ್ಲಿ ಒಂದು ಎಂದಿರಿ. ಮೊದಲ ಮಗುವಿಗೆ ಬಂದಾಗಿದೆ, ಹಾಗಾದರೆ ಮುಂದಿನ ಮೂವರಿಗೆ ಬರುವುದಿಲ್ಲವೆಂದು ಅರ್ಥವೇ?

ಉತ್ತರ – ಜೀವಶಾಸ್ತ್ರ ಶಿಕ್ಷಕ, ಕಾರವಾರ

ಹಾಗಲ್ಲ. ಪ್ರತಿ ಬಸುರಿನಲ್ಲಿಯೂ ಚೀಟಿಯನ್ನು ಹೊಸದಾಗಿಯೇ ಎತ್ತಿದಂತೆ, ಅಕ್ಕನಿಗೆ ಬಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಮಗುವಿಗೂ ನಾಲ್ಕರಲ್ಲಿ ಒಂದೇ. ಕಂದು ಕಣ್ಣಿನದೇ ಹುಟ್ಟಿದರೂ ಅದು ಆ ಅಜ್ಜಿಯ ತಿಳಿ ಪ್ರತಿಯನ್ನು ಒಳಗೆ ಹೊತ್ತಿರಬಹುದು.